ಸಹಾಯ ಬೇಕು: ವಾರಗಿತ್ತಿಯ ಮೇಲಿನ ಹೊಟ್ಟೆಕಿಚ್ಚು ನನ್ನನ್ನು ಬಿಡುತ್ತಿಲ್ಲ

ಕರ್ತನಲ್ಲಿ ಪ್ರಿಯರೇ, ವಂದನೆಗಳು.

ಕಳೆದ ತಿಂಗಳು ನನ್ನ ವಾರಗಿತ್ತಿಯ ಹೊಸ ಮನೆಯಲ್ಲಿ ಪ್ರತಿಷ್ಠೆಯ ಪ್ರಾರ್ಥನೆ ನಡೆಯಿತು. ಎಲ್ಲರೂ ಕಣ್ಣು ಮುಚ್ಚಿ ಸ್ತೋತ್ರ ಹೇಳುತ್ತಿದ್ದರೆ ನಾನು ಅಡುಗೆಮನೆಯ ಗ್ರಾನೈಟ್ ಕಟ್ಟೆಯನ್ನೇ ನೋಡುತ್ತಿದ್ದೆ. ನಾವು 14 ವರ್ಷಗಳಿಂದ ಬಾಡಿಗೆ ಮನೆಯಲ್ಲಿದ್ದೇವೆ. “ಅಕ್ಕಾ, ಮೊದಲ ಚಹಾ ನೀವೇ ಮಾಡಿ” ಎಂದು ಅವಳು ಪ್ರೀತಿಯಿಂದ ಕರೆದಾಗ ನನ್ನ ಕೈ ನಡುಗಿತು.

ಬೈಬಲಿನ ಕೀರ್ತನೆ 73 ಮತ್ತೆ ಮತ್ತೆ ಓದುತ್ತೇನೆ. ಅದನ್ನು ಹಾಡಿದ ಆಸಾಫನೂ ಹೊಟ್ಟೆಕಿಚ್ಚುಪಟ್ಟವನೇ. ಆದರೆ ಅವನು ಕರುಬಿದ್ದು ದುಷ್ಟರನ್ನು ಕಂಡು. ನನ್ನ ವಾರಗಿತ್ತಿಯೋ, ನನ್ನ ಶಸ್ತ್ರಚಿಕಿತ್ಸೆಯ ಸಮಯದಲ್ಲಿ 11 ದಿನ ಆಸ್ಪತ್ರೆಗೆ ಬುತ್ತಿ ಹೊತ್ತು ತಂದವಳು. ಅದೇ ನನ್ನನ್ನು ಹೆಚ್ಚು ಸುಡುತ್ತದೆ. ದೇವರ ಆಲಯಕ್ಕೆ ಹೋದ ಮೇಲೆ ಆಸಾಫನ ಮನಸ್ಸು ತಿಳಿಯಾಯಿತು. ನಾನು ಪ್ರತಿ ಭಾನುವಾರ ಅವಳ ಪಕ್ಕದಲ್ಲೇ ಕುಳಿತು ಅದೇ ಭಾರ ಹೊತ್ತು ಮರಳುತ್ತೇನೆ.

ಅಪೊಸ್ತಲ ಪೌಲನು ಸೆರೆಯಲ್ಲಿದ್ದುಕೊಂಡು ಫಿಲಿಪ್ಪಿಯವರಿಗೆ ಬರೆದ ಪತ್ರದಲ್ಲಿ (4:11) ಸಂತೃಪ್ತಿಯನ್ನು ಕಲಿತುಕೊಂಡೆ ಎನ್ನುತ್ತಾನೆ. ಅದು ಕಲಿಯಬಹುದಾದದ್ದು ಎಂಬುದೇ ನನಗೆ ಉಳಿದ ಆಸರೆ. ನೀವು ಹೇಗೆ ಕಲಿತಿರಿ? ಈ ಹಾದಿ ದಾಟಿದವರು ದಯವಿಟ್ಟು ತಿಳಿಸಿ. ಅವಳ ಮುಂದೆ ಇದನ್ನು ಒಪ್ಪಿಕೊಳ್ಳಬೇಕೇ, ದೇವರ ಮುಂದೆ ಮಾತ್ರ ಸಾಕೇ? ಅವಳ ಹೆಸರೆತ್ತಿ ಪ್ರಾರ್ಥಿಸಲು ಕುಳಿತರೆ ಗಂಟಲು ಕಟ್ಟುತ್ತದೆ. ಬರುವ ಭಾನುವಾರ ಮಧ್ಯಾಹ್ನ ಅವರ ಮನೆಯಲ್ಲೇ ನಮಗೆ ಊಟವಿದೆ.