ತಿಟ್ಟು: ನೆಲವೋ, ಶೈಲಿಯೋ?

ಬಳಗದವರಿಗೆ ನಮಸ್ಕಾರ.

ಕರಾವಳಿಗೆ ಯಕ್ಷಗಾನ ನೋಡಲು ಬರುವವರಿಗಾಗಿ ಒಂದು ಕೈಪತ್ರ ತಯಾರಾಗುತ್ತಿದೆ. ಕನ್ನಡದ ಕೆಲಸ ನನ್ನ ತಲೆಗೆ ಬಿದ್ದಿದೆ. ಎರಡು ಪದಗಳಿಗೆ ನಿಮ್ಮ ಸಲಹೆ ಬೇಕು. ಮೊದಲ ಕರಡಿನಲ್ಲಿ 'ಸಂಗೀತಾಧಾರಿತ ಸ್ಥಳೀಯ ಅನನ್ಯತೆ' ಅಂತ ಬರೆದೆ. ಕುಂದಾಪುರದ ದೊಡ್ಡಮ್ಮ ಓದಿ, "ಇದ್ ಎಂತ ಮಾರಾಯ?" ಎಂದರು. ರಾತ್ರಿ ಗದ್ದೆಯಂಚಿನಲ್ಲಿ ನಡೆಯುತ್ತ, ರಂಗಸ್ಥಳ ಕಣ್ಣಿಗೆ ಬೀಳುವ ಮೊದಲೇ, ಚೆಂಡೆಯ ಸದ್ದಿನಲ್ಲೇ "ಇದ್ ತೆಂಕಿಂದ್, ನಮ್ದಲ್ಲ" ಅನ್ನುವವರು ಅವರು. ಅವರ ಬಳಿ ಇದಕ್ಕೆ ಪದ ಇದ್ದೇ ಇದೆ: ತಿಟ್ಟು, ಅಂದರೆ ಒಂದೊಂದು ಸೀಮೆಯ ಯಕ್ಷಗಾನದ ಶೈಲಿ.

ತೆಂಕು, ಬಡಗು ಅಂದರೆ ದಿಕ್ಕು: ದಕ್ಷಿಣ, ಉತ್ತರ. ಬಡಗಿನೊಳಗೇ ಹಾರಾಡಿ ತಿಟ್ಟು, ಮಟಪಾಡಿ ತಿಟ್ಟು. ಎರಡೂ ಬ್ರಹ್ಮಾವರದ ಆಸುಪಾಸಿನ ಊರುಗಳು. ಉತ್ತರ ಕನ್ನಡದ ಕಡೆ ಹೋದರೆ ಬಡಾಬಡಗು. ಹೆಸರಿಡುವಾಗ ಜನ ನೆಲವನ್ನೇ ಹಿಡಿದಿದ್ದಾರೆ. (ಹಿಂದೂಸ್ತಾನಿ ಸಂಗೀತದ ಪರಂಪರೆಗಳಲ್ಲಿ ಒಂದಾದ ಕಿರಾನಾ ಘರಾಣೆಗೂ ಉತ್ತರ ಪ್ರದೇಶದ ಕೈರಾನಾ ಊರಿನ ಹೆಸರೇ, ಆದರೆ ಘರಾಣೆಯೊಳಗೆ ಕೂತಿರುವುದು 'ಘರ್', ಮನೆ.) ಇತ್ತ ನಿಘಂಟಿನಲ್ಲಿ ತಿಟ್ಟು ಎಂದರೆ ದಿಬ್ಬ, ಎತ್ತರದ ನೆಲ. ಶ್ರೀರಂಗಪಟ್ಟಣದ ಬಳಿಯ ಕಾವೇರಿ ನಡುಗಡ್ಡೆಗಳು ರಂಗನತಿಟ್ಟು. ಯಕ್ಷಗಾನದ್ದೂ ಇದೇ ಪದವೇ, ಬೇರೆ ಬೇರಿನದೇ? 'ಧಾರವಾಡದ ತಿಟ್ಟು' ಎಂದು ಹಿಂದೂಸ್ತಾನಿಗೂ ಹಚ್ಚಿದರೆ ನಿಮ್ಮ ಕಿವಿಗೆ ಒರಟಾದೀತೆ?

ಎರಡನೆಯ ಪದ 'ಸುಸ್ಥಿರ ಪ್ರವಾಸೋದ್ಯಮ'. ಕಚೇರಿಯ ಕಡತಕ್ಕೆ ಸರಿ, ಕೈಪತ್ರಕ್ಕೆ ಒಣಕಲು. ಹರಕೆ ಹೊತ್ತವರು ಆಡಿಸುವ ಯಕ್ಷಗಾನದ, ಅಂದರೆ ಹರಕೆ ಆಟದ, ಖರ್ಚು ಆಡಿಸುವವರದು, ನೋಡುವವರಿಗೆ ಟಿಕೆಟ್ ಇಲ್ಲ. ಪ್ರವಾಸಿ ಬರಲಿ ಬಿಡಲಿ, ಸಂಜೆ ಆಟವಿದೆಯೆಂದು ಸಾರುವ 'ಕೇಳಿ' ಬಡಿಯುತ್ತಾರೆ, ವೇಷ ಕಟ್ಟುವ ಚೌಕಿಯಲ್ಲಿ ದೇವರ ಪೂಜೆಯಾಗುತ್ತದೆ. ಮೇ 24ರ ಆಸುಪಾಸಿನ ಪತ್ತನಾಜೆ, ಅಂದರೆ ತುಳುವರ ಬೇಶ ತಿಂಗಳ ಹತ್ತನೆಯ ದಿನದ ಹೊತ್ತಿಗೆ ಮೇಳಗಳ ತಿರುಗಾಟ ಮುಗಿದು ಗೆಜ್ಜೆ ಬಿಚ್ಚುತ್ತಾರೆ. ರೆಸಾರ್ಟಿನ ಮುಕ್ಕಾಲು ಗಂಟೆಯ ತುಣುಕಿಗೆ ಇಂಥ ಕಟ್ಟುಪಾಡೇನೂ ಇಲ್ಲ, ಮಳೆಗಾಲದಲ್ಲೂ ಕುಣಿಸುತ್ತಾರೆ. ಆಟದ ಲೆಕ್ಕಕ್ಕೆ ಪ್ರವಾಸಿ ಹೊಂದಿಕೊಳ್ಳಬೇಕು ಅನ್ನುವ ಅರ್ಥ ನನಗೆ ಬೇಕು. 'ಊರು ತಾಳುವ ಪ್ರವಾಸ' ಎಂದರೆ ಹೇಗೆ? ಬಟ್ಟೆಗೆ 'ತಾಳಿಕೆ ಬಾಳಿಕೆ' ಅನ್ನುತ್ತೇವಲ್ಲ, ಅದೇ ತಾಳು.

ದೊಡ್ಡಮ್ಮ ಇದನ್ನೂ ಒಪ್ಪಿಲ್ಲ. "ತಾಳುದಂದ್ರೆ ಕಷ್ಟ ಸಹಿಸ್ಕಂಬುದಲ್ದಾ? ಬಂದ ನೆಂಟ್ರಿಗೆ ಹಾಂಗ್ ಹೇಳುದಾ?" ಅವರಿಗೂ ಒಪ್ಪಿಗೆಯಾಗುವ ಪದವಿದ್ದರೆ ತಿಳಿಸಿ. ಕೈಪತ್ರ ಅಚ್ಚಿಗೆ ಹೋಗುವುದು ದೀಪಾವಳಿಗೆ ಮುಂಚೆ.