ಪಾರ್ಕರ್ ಜೋಡಿ ನಳಿಗೆ ಕೋವಿ: ಫ್ರೇಮ್ ಯಾವುದು, ಗ್ರೇಡ್ ಯಾವುದು?

ಶಿರಾ ತೋಟ: ಮನೆತನದ ಲೈಸೆನ್ಸಿನಲ್ಲಿ ಬಂದ ಹಳೇ 12 ಬೋರ್ ಪಾರ್ಕರ್ (ಅಮೆರಿಕದ ಕಂಪನಿಯ ಕೋವಿ). ಒಂದು ಕಡೆ 2, ಇನ್ನೊಂದು ಕಡೆ 0 ಅಂತ ಕೆತ್ತಿದೆ. ಇದು ಯಾವ ಗ್ರೇಡ್?

ಮಾಲೂರು ಕೋವಿ: ಮೊದಲು ಕೋವಿ ತೆರೆದು ಎರಡೂ ನಳಿಗೆ ಖಾಲಿಯಿದೆಯೇ ನೋಡಿ. ಮುಂಗೈಯ ಮರ ಕಳಚಿ ನಳಿಗೆ ಬೇರ್ಪಡಿಸಿ. ನಳಿಗೆಯಡಿಯ ಲಗ್ (ಫ್ರೇಮಿಗೆ ಸಿಕ್ಕಿಕೊಳ್ಳುವ ಉಬ್ಬು) ಮೇಲಿನ ಅಂಕಿ ಫ್ರೇಮ್ ಸೈಜು, ಅಂದರೆ ನಳಿಗೆ ಕೂರುವ ಲೋಹದ ಒಡಲಿನ ಅಳತೆ. ಫ್ರೇಮಿನಲ್ಲಿ ನಳಿಗೆ ಕೂರುವ ಚಪ್ಪಟೆ ಜಾಗದಲ್ಲಿರುವುದು ಗ್ರೇಡು (ಕೋವಿಯ ದರ್ಜೆ): 0 ಅಂದರೆ ಸಾದಾ ದರ್ಜೆಯ ವಿಎಚ್, 2 ಜಿಎಚ್, 3 ಡಿಎಚ್. ಕೊನೆಗೆ ಇ ಸೇರಿದರೆ ಎಜೆಕ್ಟರ್ (ಹಾರಿಸಿದ ತೋಟಾವನ್ನು ತಾನೇ ಹೊರಗೆಸೆಯುವ ಭಾಗ) ಇರುವ ಕೋವಿ. ನಿಮ್ಮ 2 ಲಗ್ಗಿನಲ್ಲಿದ್ದರೆ ಅದು 2ನೇ ಫ್ರೇಮಿನ ವಿಎಚ್, ಜಿಎಚ್ ಅಲ್ಲ. ಎಲ್ಲರೂ ಎಡವುವುದು ಇಲ್ಲೇ.

ಶಿರಾ ತೋಟ: 2 ಲಗ್ಗಿನಲ್ಲೇ ಇದೆ ಸಾರ್. ಆದರೆ ಕೆತ್ತನೆ ಬಹಳ ಜೋರಾಗಿದೆ.

ಚಿಂತಾಮಣಿ: ಕೆತ್ತನೆ ನಂಬಬೇಡಿ, ಆಮೇಲೂ ಮಾಡಿಸಬಹುದು. ನಳಿಗೆಗಳ ನಡುವಿನ ಪಟ್ಟಿಯಲ್ಲಿ ‘ವಲ್ಕನ್ ಸ್ಟೀಲ್’ ಇದ್ದರೆ ವಿಎಚ್‌ಗೆ ಹೊಂದುತ್ತದೆ, ಡಿಎಚ್‌ಗಾದರೆ ‘ಟೈಟಾನಿಕ್’. ನಳಿಗೆ, ಫ್ರೇಮ್, ಮುಂಗೈ ಕಬ್ಬಿಣ, ಮೂರರ ಸೀರಿಯಲ್ ನಂಬರೂ ಒಂದೇ ಇರಬೇಕು. ಬೇರೆಯಾದರೆ ನಳಿಗೆ ಇನ್ನೊಂದು ಕೋವಿಯದು, ಆಗ ಲಗ್ಗಿನ ಅಂಕಿಯಿಂದ ಫ್ರೇಮ್ ಹೇಳಲಾಗದು. ನಳಿಗೆಯಲ್ಲಿ ಸುರುಳಿ ಗೆರೆ ಕಂಡರೆ ಡಮಾಸ್ಕಸ್, ಅಂದರೆ ಕಬ್ಬಿಣ-ಉಕ್ಕಿನ ಪಟ್ಟಿ ಸುತ್ತಿ ಬೆಸೆದ ಹಳೇ ನಳಿಗೆ. ಕೋವಿ ಕೆಲಸ ಬಲ್ಲ ಕಮ್ಮಾರರು ನೋಡುವ ತನಕ ಈಗಿನ ತೋಟಾ ಹಾಕಲೇಬೇಡಿ.