ಬೊರಿವಲಿ ದಾಟಿದ ಕೂಡಲೇ ಎದೆ ಡವಡವ. ಪ್ರಾರ್ಥನೆ ಮಾಡಿದರೂ ಹೋಗುತ್ತಿಲ್ಲ, ಏನು ಮಾಡಲಿ?

ವಸೈ_ಸೊಸೆ:
ತವರು ಮಂಗಳೂರು. ಮದುವೆಯಾಗಿ ಮುಂಬಯಿ ಹತ್ತಿರದ ವಸೈಗೆ ಬಂದು ಒಂಬತ್ತು ವರ್ಷ. ಅಂಧೇರಿಯಲ್ಲಿ ಅಕೌಂಟ್ಸ್ ಕೆಲಸ. ದಿನಾ ಬೆಳಗ್ಗೆ ಚರ್ಚ್‌ಗೇಟ್ ಫಾಸ್ಟ್ ಲೋಕಲ್ ಟ್ರೈನ್, ಬೊರಿವಲಿ ಬಿಟ್ಟರೆ ಅಂಧೇರಿಯಲ್ಲೇ ನಿಲ್ಲೋದು.

ಕಳೆದ ಮಳೆಗಾಲದಲ್ಲಿ ಒಂದು ದಿನ ಟ್ರೈನ್ ಬೊರಿವಲಿ ಬಿಟ್ಟು ಮಲಾಡ್ ಹತ್ತಿರ ನಿಂತೇಬಿಟ್ಟಿತು. ಪ್ಲಾಟ್‌ಫಾರ್ಮೂ ಇಲ್ಲ. ಮಳೆ ಅಂತ ಕಿಟಕಿ ಎಲ್ಲ ಮುಚ್ಚಿದ್ದರು. ಲೇಡೀಸ್ ಡಬ್ಬಿಯಲ್ಲಿ ಮೂಗು ಒರೆಸಿಕೊಳ್ಳೋಣ ಅಂದರೂ ಕೈ ಎತ್ತಲಾಗದಷ್ಟು ರಶ್. ಮೊದಲು ಬೆರಳು ಜುಮ್ ಅಂದವು. ಆಮೇಲೆ ಎದೆ ಡವಡವ, ಉಸಿರು ಗಂಟಲಲ್ಲೇ ಸಿಕ್ಕಿಕೊಂಡ ಹಾಗೆ. ಇವತ್ತು ಸತ್ತೆ ಅಂದುಕೊಂಡೆ. ಅಂಧೇರಿಯಲ್ಲಿ ಹೇಗೆ ಇಳಿದೆನೋ ನೆನಪಿಲ್ಲ. ಬೆಂಚಿನ ಮೇಲೆ ಕೂತಾಗ ನನ್ನ ಟಿಫಿನ್ ಚೀಲ ಯಾರೋ ಹಿಡಿದುಕೊಂಡಿದ್ದರು. ಪುಣ್ಯಾತ್ಗಿತ್ತಿ ಯಾರು ಅಂತ ಇವತ್ತಿಗೂ ಗೊತ್ತಿಲ್ಲ.

ಇಸಿಜಿ, ಥೈರಾಯ್ಡ್ ಎಲ್ಲ ಮಾಡಿಸಿದೆ, ನಾರ್ಮಲ್. ಪ್ಯಾನಿಕ್ ಅಟ್ಯಾಕ್ ಅಂದರು ಡಾಕ್ಟರ್. ಈಗ ಬೊರಿವಲಿ ಬಂದರೆ ಸಾಕು, ಅಂಗೈ ಬೆವರುತ್ತದೆ. ಇನ್ನು ಅಂಧೇರಿವರೆಗೆ ನಿಲ್ಲಲ್ಲ ಅನ್ನೋದೊಂದೇ ತಲೆಯಲ್ಲಿ.

ಪ್ರಾರ್ಥನಾ ಕೂಟದಲ್ಲಿ ಹೇಳಿಕೊಂಡೆ. ಹಿರಿಯರೊಬ್ಬರು, 'ನಂಬಿಕೆ ಗಟ್ಟಿ ಇದ್ದರೆ ಹೆದರಿಕೆ ಯಾಕಮ್ಮಾ ಬರುತ್ತೆ?' ಅಂದರು. ಆ ಮಾತು ಟ್ರೈನಿಗಿಂತ ಜಾಸ್ತಿ ಚುಚ್ಚಿತು. ಈಗ ಕಣ್ಣು ಮುಚ್ಚಿ ಪ್ರಾರ್ಥನೆಗೆ ಕೂತರೂ ನನ್ನನ್ನೇ ನೋಡಿಕೊಳ್ಳುತ್ತಿರುತ್ತೇನೆ. ಹೆದರಿಕೆ ಹೋಯಿತಾ, ಇನ್ನೂ ಇದೆಯಾ ಅಂತ.

ಹುಬ್ಬಳ್ಳಿ_ಸಿಸ್ಟರ್:
ನಾನು ಪುಣೆಯಲ್ಲಿ ನರ್ಸ್. ಪರೀಕ್ಷೆ ಮಾಡಿಸಿದ್ದು ಒಳ್ಳೆಯದಾಯಿತು.

ಬೆರಳು ಜುಮ್ ಅಂದದ್ದು ಯಾಕೆ ಗೊತ್ತಾ? ಗಾಬರಿಯಲ್ಲಿ ನಾವು ಬೇಗ ಬೇಗ ಉಸಿರಾಡುತ್ತೇವೆ. ರಕ್ತದಲ್ಲಿರುವ ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಹೊರಗೆ ಹೋಗಿಬಿಡುತ್ತದೆ. ಆಗ ಕೈ ಜುಮ್ ಅನ್ನುತ್ತದೆ, ತಲೆ ತಿರುಗುತ್ತದೆ. ಉಸಿರು ಸಾಲಲ್ಲ ಅನಿಸಿ ಇನ್ನೂ ಜೋರಾಗಿ ಎಳೆಯುತ್ತೇವೆ, ಅದು ಇನ್ನೂ ಕೆಡುತ್ತದೆ. ಅದಕ್ಕೆ ಉಸಿರು ಬಿಡುವ ಕಡೆ ಗಮನ ಕೊಡಿ. ನಾಲ್ಕು ಎಣಿಸಿ ಮೂಗಿನಿಂದ ಎಳೆದುಕೊಳ್ಳಿ, ಆರು ಎಣಿಸಿ ಮೆಲ್ಲಗೆ ಬಿಡಿ. ಬಿಸಿ ಗಂಜಿ ಊದುತ್ತೇವಲ್ವಾ, ಹಾಗೆ. ಮನೆಯಲ್ಲಿ ಆರಾಮಾಗಿ ಇರುವಾಗಲೇ ದಿನಾ ಐದು ನಿಮಿಷ ರೂಢಿ ಮಾಡಿ. ಗಾಬರಿ ಬಂದ ಮೇಲೆ ಕಲಿಯೋಕಾಗಲ್ಲ.

ಎಣಿಕೆ ಬೇಜಾರು ಅಂದರೆ ಬೈಬಲಿನ 23ನೇ ಕೀರ್ತನೆ ಇದೆ. 'ಯೆಹೋವನು' ಅನ್ನುತ್ತಾ ಉಸಿರು ಎಳೆದುಕೊಳ್ಳಿ, 'ನನಗೆ ಕುರುಬನು, ಕೊರತೆಪಡೆನು' ಅನ್ನುತ್ತಾ ಬಿಡಿ. ನೈಟ್ ಡ್ಯೂಟಿಯಲ್ಲಿ ನಾನೇ ಎಷ್ಟೋ ಸಲ ಮಾಡಿದ್ದೇನೆ.

ಇನ್ನೊಂದು. ಟ್ರೈನ್ ಹತ್ತೋದು ಪೂರ್ತಿ ಬಿಡಬೇಡಿ. ತಪ್ಪಿಸಿಕೊಂಡಷ್ಟೂ ಹೆದರಿಕೆ ಬೆಳೆಯುತ್ತದೆ. ರಶ್ ಇಲ್ಲದ ಹೊತ್ತಲ್ಲಿ ಎಲ್ಲ ಸ್ಟೇಷನ್‌ನಲ್ಲೂ ನಿಲ್ಲುವ ಸ್ಲೋ ಟ್ರೈನ್ ಹತ್ತಿ, ಎರಡು ಸ್ಟೇಷನ್ ಹೋಗಿ ಬನ್ನಿ. ಆಮೇಲೆ ನಾಲ್ಕು. ಒಂದು ತಿಂಗಳಾದರೂ ಹೀಗೇ ಇದ್ದರೆ ಕೌನ್ಸೆಲರ್ ಹತ್ತಿರ ಹೋಗಿ. 14416ಕ್ಕೆ ಯಾವ ಹೊತ್ತಿಗೂ ಫೋನ್ ಮಾಡಬಹುದು, ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ದುಡ್ಡಿಲ್ಲ.

ಥಾಣೆ_ಮಾಣಿ:
ಬೆಳಗ್ಗೆ ಖಾಲಿ ಹೊಟ್ಟೆಗೆ ಎಷ್ಟು ಲೋಟ ಚಹಾ ಅಕ್ಕಾ? ನನ್ನ ಡವಡವ ಅರ್ಧ ಅಲ್ಲೇ ಇತ್ತು.

ಡೊಂಬಿವಲಿ_ಅಜ್ಜ:
ಆ ಹಿರಿಯರಿಗೆ ಬೈಬಲಿನ 1 ಅರಸುಗಳು 19 ಓದಲು ಹೇಳು ಮಗಾ. ಎಲೀಯ ಎಂಥ ಪ್ರವಾದಿ! ಕರ್ಮೆಲ್ ಬೆಟ್ಟದ ಮೇಲೆ ಅಷ್ಟು ದೊಡ್ಡ ಜಯ. ಅದಾದ ಮೇಲೆ ರಾಣಿ ಈಜೆಬೆಲಳ ಬೆದರಿಕೆಗೆ ಓಡಿಹೋಗಿ, ಗಿಡದ ಕೆಳಗೆ ಕೂತು, ಸಾಕಪ್ಪಾ, ನನ್ನ ಪ್ರಾಣ ತೆಗೆದುಕೋ ಅಂದ. ದೂತ ಬಂದು ನಂಬಿಕೆ ಎಲ್ಲಿ ಹೋಯಿತು ಅಂತ ಬೈದನಾ? ಮುಟ್ಟಿ ಎಬ್ಬಿಸಿ, ಎದ್ದು ಊಟ ಮಾಡು ಅಂದ. ರೊಟ್ಟಿ, ನೀರು. ತಿಂದು ಮತ್ತೆ ಮಲಗಿದ. ದೂತ ಮತ್ತೆ ಬಂದು ಮತ್ತೆ ಉಣ್ಣಿಸಿದ. ದೇವರ ಮಾತುಕತೆ ಎಲ್ಲ ಆಮೇಲೆ. ನೀನು ಸರಿಯಾಗಿ ನಿದ್ದೆ ಮಾಡುತ್ತಿದ್ದೀಯಾ?

ನನಗೆ ಈ ನಾಲ್ಕು-ಆರು ಲೆಕ್ಕ ಆಗಲ್ಲ. ನಾನು ಹಾಡುತ್ತೇನೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನವರು ಬಿಟ್ಟುಹೋದ ಜರ್ಮನ್ ರಾಗಗಳು ನಮ್ಮ ಸಭೆಗಳಲ್ಲಿ ಈಗಲೂ ಇವೆಯಲ್ಲ. ಒಂದು ಸಾಲು ಮುಗಿಯುವವರೆಗೆ ಉಸಿರು ಬಿಡುತ್ತಲೇ ಇರಬೇಕು. ಸಿಸ್ಟರ್ ಹೇಳಿದ್ದೂ ಅದೇ ಅಲ್ವಾ? ಟ್ರೈನಲ್ಲಿ ಬಾಯಿ ಮುಚ್ಚಿ ಗುನುಗು. ಭಜನೆ ಮಂಡಳಿಗಳೇ ತಾಳ ಹಾಕಿಕೊಂಡು ಹೋಗುವ ಮುಂಬಯಿ ಇದು, ನಿನ್ನ ಗುನುಗು ಯಾರಿಗೆ ಕೇಳಬೇಕು!

ವಸೈ_ಸೊಸೆ:
ಮೂರು ವಾರ ಆಯಿತು. ಚಹಾ ಮೂರು ಲೋಟ ಇತ್ತು, ಈಗ ಒಂದು. ಅದೂ ಇಡ್ಲಿ ತಿಂದ ಮೇಲೆ.

ಮೊದಲ ವಾರ ಮಧ್ಯಾಹ್ನದ ಸ್ಲೋ ಟ್ರೈನಲ್ಲಿ ಭಾಯಂದರ್‌ವರೆಗೆ ಹೋಗಿ ಬಂದೆ. ಖಾಡಿಯ (ಸಮುದ್ರದ ಹಿನ್ನೀರು) ಸೇತುವೆ ಮೇಲೆ ಗಾಳಿ ಬರುತ್ತದಲ್ಲ, ಅಲ್ಲಿ ಕೀರ್ತನೆ ಸಲೀಸಾಗಿ ಬಂತು. ನಿನ್ನೆ ಧೈರ್ಯ ಮಾಡಿ ಫಾಸ್ಟ್ ಹತ್ತಿದೆ. ಬೊರಿವಲಿ ಬಿಟ್ಟ ಮೇಲೆ ಬಂತು, ಬರಲ್ಲ ಅಂತ ಸುಳ್ಳು ಹೇಳಲ್ಲ. ಗುನುಗಲು ಶುರು ಮಾಡಿದೆ. ಪಕ್ಕದಲ್ಲಿ ಕೂತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದ ಮರಾಠಿ ಮಾವುಶಿ (ಚಿಕ್ಕಮ್ಮನ ವಯಸ್ಸಿನವರು) ನನ್ನ ಮುಖ ನೋಡಿ, ಏನೂ ಕೇಳದೆ, ಒಂದು ಕಟ್ಟು ನನ್ನ ಮಡಿಲಿಗೆ ಹಾಕಿದರು. ಎಲೆ ಕೀಳುತ್ತಾ ಕೂತೆ. ಅಂಧೇರಿ ಬಂದಾಗ ಇನ್ನೂ ಅರ್ಧ ಕಟ್ಟು ಬಾಕಿ ಇತ್ತು.